ಚಹಾ ಮುಗಿಯುವ ತನಕ

ಮೇಜು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತ್ತು. ಮೂರು ಕಾಲು ಒಳಗೆ, ಒಂದು ಕಾಲು ಹೊರಗೆ. ಹೊತ್ತು ತಂದವರಿಬ್ಬರೂ ಬರಹಗಾರರು. ಒಬ್ಬರು ಮುಂದಿನ ಕೋಣೆಯಲ್ಲಿ, ಇನ್ನೊಬ್ಬರು ಮೆಟ್ಟಿಲ ಮೇಲೆ ನಿಂತು, ಮೇಜನ್ನು ಬಿಟ್ಟು ಒಬ್ಬರನ್ನೊಬ್ಬರು ತಿದ್ದುತ್ತಿದ್ದರು.

"ಓರೆ ಮಾಡಿ ಸ್ವಾಮಿ."

"ಮಾಡಿದೀನಲ್ಲ. ನೀವು ಎತ್ತಿ."

"ನಾನು ಎತ್ತಿದ್ರೆ ನಿಮ್ಮ ಕಡೆ ಇಳಿಯುತ್ತೆ."

"ಇಳೀಲಿ ಬಿಡಿ, ಒಟ್ಟು ಒಳಗೆ ಬಂದ್ರೆ ಸಾಕು."

ಮಗಳು ಗೋಡೆಗೆ ಒರಗಿ ಕೂತಿದ್ದಳು. ನಿನ್ನೆ ಸಂಜೆಯಿಂದ ಅವಳಿಗೆ ಎಲ್ಲರ ಮಾತೂ ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ಕಿಟಕಿಯ ಬಟ್ಟೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಅದನ್ನೇ ನೋಡುತ್ತ ನೋಡುತ್ತ ಉಸಿರಾಡುತ್ತಿರುವುದು ಕೋಣೆಯೇ ಎಂದು ಅವಳಿಗೆ ಎರಡು ಸಲ ಅನ್ನಿಸಿಬಿಟ್ಟಿತ್ತು. ಮಂಚದ ಮೇಲೆ ಅಪ್ಪ ಬಿಳಿ ಹೊದಿಕೆಯನ್ನು ಎದೆಯವರೆಗೆ ಹೊದ್ದು ಮಲಗಿದ್ದರು. ಈಗ ಎದ್ದು ಬರುತ್ತಾರೆ, ಈ ಇಬ್ಬರನ್ನೂ ಪಕ್ಕಕ್ಕೆ ಸರಿಸಿ ಒಬ್ಬರೇ ಮೇಜು ಎತ್ತಿಕೊಳ್ಳುತ್ತಾರೆ ಎಂದು ಅವಳು ಸ್ವಲ್ಪ ಹೊತ್ತು ಕಾದಳು. ಯಾರೂ ಏಳಲಿಲ್ಲ.

"ಎಡಗಾಲು ಮೊದಲು," ಎಂದಳು. "ಆಮೇಲೆ ಮಲಗಿದ ಮಗೂನ ಮಗ್ಗುಲು ತಿರುಗಿಸ್ತೀವಲ್ಲ, ಹಾಗೆ ಮೆತ್ತಗೆ ತಿರುಗಿಸಿ."

ಅದು ಅಪ್ಪನ ಮಾತು. ಮೇಜು ಸದ್ದಿಲ್ಲದೆ ಒಳಗೆ ಬಂತು.

"ನೋಡಿದ್ರಾ, ಈ ಮೇಜಿಗೂ ಅವನೇ ದಾರಿ ತೋರಿಸ್ಬೇಕು," ಎಂದು ಸೋದರತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಪ್ಪನಿಗಿಂತ ಆರು ವರ್ಷ ದೊಡ್ಡವಳು. ಬೆಳಿಗ್ಗೆಯಿಂದ ಅಳುವುದನ್ನೂ ಚಹಾ ಕಾಯಿಸುವುದನ್ನೂ ಒಟ್ಟಿಗೇ ನಡೆಸಿದ್ದಳು.

ಅಷ್ಟರಲ್ಲಿ ಬರಹಗಾರರ ಸಂಘದ ಅಧ್ಯಕ್ಷರು ಬಂದರು. ಬಂದವರು ಮೊದಲು ಹೆಣಕ್ಕೆ ಕೈಮುಗಿದರು, ಆಮೇಲೆ ಮೇಜನ್ನು ಕಂಡು ಹುಬ್ಬು ಗಂಟಿಕ್ಕಿದರು.

"ಇದನ್ನ ತರೋಕೆ ಯಾರು ಹೇಳಿದ್ದು?"

"ನಾನು ಹೇಳಿದೆ," ಎಂದಳು ಅತ್ತೆ. "ನಿಮ್ಮ ಸಂಘದಲ್ಲಿ ಯಾರು ಸತ್ರೂ ನನ್ನ ತಮ್ಮ ಇದನ್ನ ಹೊತ್ಕೊಂಡು ಹೋಗಿದಾನೆ. ಮೂವತ್ತೈದು ವರ್ಷ. ಅವನ ಸರದಿಗೆ ಮೇಜು ಆಫೀಸಲ್ಲೇ ಕೂತಿರ್ಲಿ ಅಂತೀರಾ?"

"ಹಾಗಲ್ಲ ತಾಯಿ. ಮೇಜು ಸದಸ್ಯರಿಗೆ. ಅವರು ಸದಸ್ಯರಲ್ಲ, ಗುಮಾಸ್ತರು. ಸರಿ, ಬಂದಿದ್ದು ಬಂತು. ಅದರ ಮೇಲೆ ನಿಲ್ಸೋದು ಏನನ್ನ? ಅವರು ಒಂದು ಸಾಲೂ ಬರೆದವರಲ್ಲ."

ಮಾತಿನಲ್ಲಿ ಸುಳ್ಳಿರಲಿಲ್ಲ. ಸದಸ್ಯರೊಬ್ಬರು ತೀರಿಕೊಂಡರೆ ಈ ಮೇಜನ್ನು ಅವರ ತಲೆಯ ಬಳಿ ಇಟ್ಟು, ಅವರು ಬರೆದ ಪುಸ್ತಕಗಳನ್ನು ಅದರ ಮೇಲೆ ಸಾಲಾಗಿ ನಿಲ್ಲಿಸಿ, ಎಲ್ಲರಿಗೂ ಚಹಾ ಕೊಟ್ಟು, ಆ ಚಹಾ ಮುಗಿಯುವ ತನಕ ಒಂದು ಪುಸ್ತಕದಿಂದ ಓದುವುದು ಸಂಘದ ಪದ್ಧತಿ. ಗುಮಾಸ್ತರ ಹೆಸರಿನಲ್ಲಿದ್ದ ಬರವಣಿಗೆಯೆಂದರೆ ಹಾಜರಿ ಪುಸ್ತಕ, ಟಪಾಲು ಪುಸ್ತಕ.

"ಯಾಕೆ, ಮಗಳ ಕಾದಂಬರಿ ಇದೆಯಲ್ಲ?" ಎಂದರು ಬಾಗಿಲ ಬಳಿ ನಿಂತಿದ್ದ ಒಬ್ಬರು. ಅವರು ಹೊಸ ಸಂಘದ ಕಾರ್ಯದರ್ಶಿ. ಫೋನಿನ ಪರದೆಯ ಮೇಲೆ ಬರೆಯುವವರ ಸಂಘ ಅದು. ಎಲ್ಲಿಗೆ ಹೋದರೂ ಕೈಯಲ್ಲಿ ಚಾರ್ಜರ್ ಹಿಡಿದು ಗೋಡೆಯಲ್ಲಿ ಪ್ಲಗ್ಗು ಹುಡುಕುವವರಾದ್ದರಿಂದ ಎರಡೂ ಸಂಘದವರು ಅವರನ್ನು ಚಾರ್ಜರ್ ಎಂದೇ ಕರೆಯುತ್ತಿದ್ದರು. "ಒಂಬತ್ತು ಸಾವಿರ ಜನ ಓದಿದಾರೆ. ನಿಮ್ಮ ಬೀರುವಿನಲ್ಲಿರೋ ಪುಸ್ತಕಗಳನ್ನೆಲ್ಲ ಸೇರಿಸಿದ್ರೂ ಅಷ್ಟು ಜನ ಓದಿಲ್ಲ."

"ಆ ಪುಸ್ತಕ ಮೇಜಿನ ಮೇಲೆ ನಿಲ್ಲೋದಿಲ್ಲ," ಎಂದರು ಅಧ್ಯಕ್ಷರು. "ನಾನು ಹೇಳ್ತಿರೋದಲ್ಲ. ಗುಮಾಸ್ತರೇ ತಮ್ಮ ಕೈಯಾರೆ ಬರೆದಿಟ್ಟಿದಾರೆ."

ಎಲ್ಲರೂ ಮಗಳ ಕಡೆ ನೋಡಿದರು.

"ಬೇಡ," ಎಂದಳು ಅವಳು. "ಅಪ್ಪ ಅದನ್ನ ಓದೇ ಇಲ್ಲ. ಓದದೇ ಇರೋದನ್ನ ತಲೆ ಹತ್ರ ಯಾಕೆ ಇಡ್ತೀರಿ?"

⁂

ಸಂಘ ಕಟ್ಟಿದ ಹಿರಿಯರಿಗೆ ಒಂದು ಕಾಟವಿತ್ತಂತೆ. ಕಂಡಕಂಡವರೆಲ್ಲ ನಾಲ್ಕು ಹಾಳೆ ಮಡಚಿ, ಪಿನ್ನು ಹೊಡೆದು, ಇದೇ ನನ್ನ ಗ್ರಂಥ, ನನ್ನನ್ನೂ ಸೇರಿಸಿಕೊಳ್ಳಿ ಎಂದು ಬರುತ್ತಿದ್ದರು. ಗುಣದೋಷ ಹೇಳಲು ಹೋದರೆ ಜಗಳ. ಹಿರಿಯರು ಜಾಣರು, ಗುಣದ ಗೊಡವೆಯೇ ಬೇಡವೆಂದು ಆರನೆಯ ನಿಯಮ ಬರೆದರು: ಸದಸ್ಯತ್ವ ಬಯಸುವವರ ಪುಸ್ತಕವು ಮುಚ್ಚಿದ ಸ್ಥಿತಿಯಲ್ಲಿ, ಆಸರೆಯಿಲ್ಲದೆ, ಅಧ್ಯಕ್ಷರು ಒಂದು ಲೋಟ ಚಹಾ ಕುಡಿದು ಮುಗಿಸುವ ತನಕ ಮೇಜಿನ ಮೇಲೆ ನಿಲ್ಲತಕ್ಕದ್ದು.

ಹಿರಿಯರು ಹೋದರು, ನಿಯಮ ಉಳಿಯಿತು. ಪುಸ್ತಕ ನಿಲ್ಲಿಸುವ ಕೆಲಸ ಗುಮಾಸ್ತರದು. ಫ್ಯಾನು ಎರಡರಲ್ಲಿ ತಿರುಗುತ್ತಿರಬೇಕು. ಒಂದೇ ಅವಕಾಶ. ಬಿದ್ದರೆ ಬಿತ್ತು, ಮುಂದಿನ ವರ್ಷ ಬನ್ನಿ. ಜನ ಏನೇನೋ ಆಟ ಹೂಡುತ್ತಿದ್ದರು. ಒಬ್ಬರು ರಟ್ಟಿನೊಳಗೆ ತಗಡು ಅಂಟಿಸಿ ತಂದಿದ್ದರು. ಇನ್ನೊಬ್ಬರು ಪುಸ್ತಕವನ್ನು ಡೇರೆಯ ಹಾಗೆ ಬಿಡಿಸಿ ನಿಲ್ಲಿಸಿ ಎಂದು ಗೋಗರೆದಿದ್ದರು.

ಚಿಕ್ಕಂದಿನಲ್ಲಿ ಮಗಳು ಶಾಲೆ ಬಿಟ್ಟವಳು ಸಂಘದ ಆಫೀಸಿಗೇ ಬರುತ್ತಿದ್ದಳು. ಅವಳಿಗೆ ಆರಾಗುವಷ್ಟರಲ್ಲಿ ಅಮ್ಮ ಹೋಗಿದ್ದಳು. ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಎಂಟೇ ತಿಂಗಳಿಗೆ ಹುಟ್ಟಿದ ಅವಳನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಅಪ್ಪ, "ಇದಿನ್ನೂ ಕರಡು ಪ್ರತಿ, ತಿದ್ದೋದು ಬಹಳ ಇದೆ," ಎಂದಿದ್ದರಂತೆ. ಅಂದಿನಿಂದ ಅವಳು ಮನೆಯಲ್ಲಿ ಕರಡು. "ಕರಡೂ, ಸದ್ದು ಮಾಡ್ಬೇಡ, ಪುಸ್ತಕ ನಿಂತಿದೆ," ಎಂದು ಅಪ್ಪ ಹೇಳಿದರೆ ಅವಳು ಎದುರಿನ ಬೆಂಚಿನ ಮೇಲೆ ಉಸಿರು ಬಿಗಿ ಹಿಡಿದು ಕೂರುತ್ತಿದ್ದಳು. ಮಧ್ಯಾಹ್ನದ ಬಿಸಿಲು ಕಿಟಕಿಯ ಗಾಜಿನಿಂದ ಇಳಿದು ಬೀರುವಿನ ತನಕ ಹೋಗುತ್ತಿತ್ತು. ಧೂಳಿನ ಕಣಗಳು ಅದರಲ್ಲಿ ಏಳುತ್ತ ಬೀಳುತ್ತ ಇರುತ್ತಿದ್ದವು. ಅಧ್ಯಕ್ಷರು ಚಹಾ ಹೀರುವ ಸದ್ದು. ಫ್ಯಾನಿನ ಗಾಳಿಗೆ ಮಿಸುಕುವ ಒಂದು ಹಾಳೆ. ಮೇಜಿನ ಹಿಂದೆ ಅಪ್ಪ, ಒಂದು ಕೈ ಮೇಜಿನ ಹಿಂದಿನ ಅಂಚಿನ ಮೇಲೆ. "ಮೇಜು ಒಂಚೂರು ಅಲ್ಲಾಡುತ್ತೆ ಸರ್, ಹಿಡ್ಕೊಂಡಿರ್ತೀನಿ," ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಎಷ್ಟೋ ಸಲ ಅವಳು ಅಲ್ಲೇ ನಿದ್ದೆಹೋಗುತ್ತಿದ್ದಳು. ಎಚ್ಚರವಾದಾಗ ಪುಸ್ತಕ ಇನ್ನೂ ನಿಂತೇ ಇರುತ್ತಿತ್ತು.

ದೊಡ್ಡವಳಾಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಜನರಿಗೆ ಗೋಡೆಯ ಮೇಲಿನ ಅಕ್ಷರ ತೋರಿಸಿ ಓದಿಸುವ ಕೆಲಸ. ಗಿರಾಕಿ ಇಲ್ಲದ ಹೊತ್ತಿನಲ್ಲಿ, ಬಸ್ಸಿನಲ್ಲಿ, ಫೋನಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಒಂದು ಕಾದಂಬರಿ ಬರೆದಳು. ಕೊಡೆ ರಿಪೇರಿ ಮಾಡುವ ಒಬ್ಬನ ಕತೆ, ಅವನ ತಾಯಿಯಿಲ್ಲದ ಮಗಳ ಕತೆ. ಅದು ಪರದೆಯ ಮೇಲೆಯೇ ಪ್ರಕಟವಾಯಿತು, ಪರದೆಯ ಮೇಲೆಯೇ ಜನ ಓದಿದರು. ಮೂರು ವರ್ಷದ ಹಿಂದೆ, ಅಪ್ಪನಿಗೆ ಹೇಳದೆ, ಅವಳು ಸಂಘಕ್ಕೆ ಅರ್ಜಿ ಹಾಕಿದಳು.

ಆ ದಿನ ಸಭೆಯಲ್ಲಿ ನಲವತ್ತು ಜನ ಇದ್ದರು. "ಪುಸ್ತಕ ಕೊಡಮ್ಮ," ಎಂದರು ಅಧ್ಯಕ್ಷರು. ಅವಳು ಫೋನು ಕೊಟ್ಟಳು. ಅಪ್ಪ ಅದನ್ನು ತೆಗೆದುಕೊಂಡರು. ಅವಳ ಮುಖ ನೋಡಲಿಲ್ಲ. ಮೇಜಿನ ಮೇಲೆ ನಿಲ್ಲಿಸಿದರು. ಅದು ಟಪ್ಪೆಂದು ಬಿತ್ತು. ಯಾರೋ ಕಿಸಕ್ಕೆಂದರು. ಅಪ್ಪ ಮತ್ತೆ ನಿಲ್ಲಿಸಿದರು. ಮತ್ತೆ ಬಿತ್ತು. ಈ ಸಲ ಸಭೆಯೇ ನಕ್ಕಿತು. ಸಾಕು ಬಿಡಿ ಎಂದು ಅಧ್ಯಕ್ಷರು ಕೈ ಎತ್ತುವಷ್ಟರಲ್ಲಿ ಮೂರನೆಯ ಸಲವೂ ನಿಲ್ಲಿಸಿದರು. ಅದು ನೆಲಕ್ಕೇ ಬಿದ್ದು ಗಾಜಿನ ಮೂಲೆ ಬಿರಿಯಿತು. ಅಪ್ಪ ಅದನ್ನು ಎತ್ತಿ, ಧೋತರದ ಅಂಚಿನಿಂದ ಒರೆಸಿ, ಅವಳ ಕೈಗಿಟ್ಟು, ದಾಖಲೆ ಪುಸ್ತಕದಲ್ಲಿ ದುಂಡನೆಯ ಅಕ್ಷರದಲ್ಲಿ ಬರೆದರು: ನಿಲ್ಲಲಿಲ್ಲ.

ಅದೇ ಕಿಡಿ. ಪರದೆಯವರೆಲ್ಲ ಎದ್ದು ಹೊರಗೆ ಹೋದರು, ಚಾರ್ಜರ್ ಹೊಸ ಸಂಘ ಕಟ್ಟಿದರು. ಅಲ್ಲಿಂದ ಮುಂದೆ ಎತ್ತು ಏರಿಗೆ, ಕೋಣ ನೀರಿಗೆ. ಮಗಳು ಹಳೆಯದಕ್ಕೂ ಸೇರಲಿಲ್ಲ, ಹೊಸದಕ್ಕೂ ಸೇರಲಿಲ್ಲ. ಎಲ್ಲರಿಗೂ ಒಂದೇ ಅವಕಾಶ ಕೊಡುವ ಅಪ್ಪ ತನ್ನ ಪುಸ್ತಕವನ್ನು ಮಾತ್ರ ಮೂರು ಸಲ ಬೀಳಿಸಿ ನಗಿಸಿದರಲ್ಲ ಎಂಬುದನ್ನು ಅವಳು ಮರೆಯಲಿಲ್ಲ. ಒಮ್ಮೆ ಕೇಳಿದ್ದಳು: "ನನ್ನದು ಓದಿದ್ರಾ ಅಪ್ಪ?"

"ನೋಡೋಣ, ಈ ಪರದೆಗೆ ನನ್ನ ಕಣ್ಣು ಹೊಂದಲ್ಲ ಕಣೆ."

ಅಪ್ಪನ ಕನ್ನಡಕ ಮಾಡಿಸಿದವಳೇ ಅವಳು. ಆ ಕಣ್ಣಿನ ನಂಬರು ಅವಳಿಗೆ ಬಾಯಿಪಾಠ. ಓದಲಾಗದ ಕಣ್ಣಲ್ಲ ಅದು. ಆಮೇಲೆ ಅವಳು ಕೇಳಲಿಲ್ಲ. ಮೂರು ವರ್ಷ ಅವರಿಬ್ಬರ ನಡುವೆ ಉಪ್ಪು ಹೆಚ್ಚಾಯಿತೇ, ಮಾತ್ರೆ ತಗೊಂಡಿರೇ, ಬಾಗಿಲು ಹಾಕಿದೆಯಾ ಎಂಬಷ್ಟೇ ಮಾತು. ಆದರೂ ದಿನಾ ಬೆಳಿಗ್ಗೆ ಅವಳು ಪರದೆಯ ಮೇಲೆ ಓದುಗರ ಲೆಕ್ಕ ನೋಡುತ್ತಿದ್ದಳು. ಒಂದು ಹೆಚ್ಚಾಗಿದ್ದರೆ, ಆ ಒಂದು ಅಪ್ಪನೇ ಇರಬಹುದೇನೋ ಎಂದುಕೊಳ್ಳುತ್ತಿದ್ದಳು.

⁂

"ಬಾ ಮಗಳೇ, ನನ್ನ ಪಕ್ಕ ಕೂತ್ಕೋ," ಎಂದು ಯಾರೋ ಕೈ ಹಿಡಿದೆಳೆದರು. ಕವಿ ಅಜ್ಜಿ. ಸಂಘದಲ್ಲಿ ಎಲ್ಲರಿಗಿಂತ ಹಿರಿಯರು, ಕಿವಿ ಮಂದ. ಅದಕ್ಕೇ ಗುಟ್ಟು ಹೇಳಿದರೂ ಬೀದಿಗೆ ಕೇಳುತ್ತಿತ್ತು.

"ಆ ಮೇಜು ನೋಡು. ಅಲ್ಲಾಡ್ತಿದೆಯಾ?"

ಮಗಳು ನೋಡಿದಳು. ಮೇಜು ಅಪ್ಪನ ತಲೆಯ ಬಳಿ ಖಾಲಿಯಾಗಿ ನಿಂತಿತ್ತು. ಅದರ ಮೂಲೆಗೆ ಕೈಯೂರಿ ಚಾರ್ಜರ್ ಪ್ಲಗ್ಗಿಗಾಗಿ ಬಗ್ಗಿದ್ದರು. ಮೇಜು ಮಿಸುಕುತ್ತಿರಲಿಲ್ಲ.

"ಇಲ್ಲ ಅಜ್ಜಿ."

"ಯಾವತ್ತೂ ಅಲ್ಲಾಡ್ಲಿಲ್ಲ ಅದು. ನನ್ನ ಪದ್ಯದ ಪುಸ್ತಕ ಮೂವತ್ತಾರು ಪುಟ. ನಿಲ್ಲೋ ಪುಸ್ತಕವೇ ಅದು? ನಿಮ್ಮಪ್ಪ ಮೇಜು ಅಲ್ಲಾಡುತ್ತೆ ಅಂತ ಕೈ ಇಟ್ಟ. ಪುಸ್ತಕದ ಹಿಂದೆ ಅವನ ಕಿರುಬೆರಳು ಇತ್ತು, ತಾಯಿ. ನಾನು ಪಕ್ಕದಲ್ಲಿ ಕೂತಿದ್ದೆ, ಕಣ್ಣಾರೆ ಕಂಡೆ. ಅಧ್ಯಕ್ಷ ಚಹಾ ಕುಡಿಯೋ ತನಕ ಬೆರಳು ತೆಗೀಲಿಲ್ಲ ಪುಣ್ಯಾತ್ಮ. ಮೂವತ್ತು ವರ್ಷ ಆಯ್ತು, ಯಾರಿಗೂ ಹೇಳಿಲ್ಲ ನಾನು."

ಈಗ ಎಲ್ಲರಿಗೂ ಹೇಳಿದಂತಾಗಿತ್ತು. ಮೇಜು ಹೊತ್ತು ತಂದಿದ್ದ ಇಬ್ಬರಲ್ಲಿ ಒಬ್ಬರು ಬಾಯಿ ತೆರೆದರು.

"ನಿಮ್ಮದೂನಾ ಅಜ್ಜಿ? ನಾನು ನಂದೊಂದೇ ಅಂದ್ಕೊಂಡಿದ್ದೆ."

"ನಿಮ್ಮದು ಅಂದ್ರೆ?" ಎಂದರು ಇನ್ನೊಬ್ಬರು. "ನನ್ನ ನಾಟಕಕ್ಕೂ ಇಟ್ಟಿದ್ರು ಕಣ್ರಿ. ಹೊರಗೆ ಬಂದ ಮೇಲೆ ಕೈ ಹಿಡ್ಕೊಳ್ಳೋಕೆ ಹೋದೆ, 'ಯಾವ ಬೆರಳು ಸರ್? ನಿಮ್ಮ ಪುಸ್ತಕ ಗಟ್ಟಿ ಇದೆ' ಅಂದ್ಬಿಟ್ರು."

ಒಬ್ಬರಾದ ಮೇಲೆ ಒಬ್ಬರು. ಕೊನೆಗೆ ಚಾರ್ಜರ್ ಕೂಡ, ಗೋಡೆಯ ಕಡೆ ಮುಖ ಮಾಡಿಕೊಂಡೇ, "ನಾನು ಹಳೇ ಸಂಘದಲ್ಲಿದ್ದಾಗ ನನಗೂ," ಎಂದರು. ಸಾವಿನ ಮನೆಯಲ್ಲಿ ನಗಬಾರದು. ಆದರೂ ನಗು ಒಬ್ಬರಿಂದೊಬ್ಬರಿಗೆ ಮೆಲ್ಲಗೆ ದಾಟಿಕೊಂಡು ಹೋಯಿತು. ಅಧ್ಯಕ್ಷರೊಬ್ಬರೇ ಫ್ಯಾನು ನೋಡುತ್ತ ಕೂತಿದ್ದರು.

ಮಗಳಿಗೆ ನಗು ಬರಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ತಂತಿಯ ಮೇಲೆ ಅಪ್ಪನ ಅಂಗಿ, ನಿನ್ನೆ ಒಣಹಾಕಿದ್ದು, ತೋಳು ಚಾಚಿಕೊಂಡು ಗಾಳಿಗೆ ತೂಗುತ್ತಿತ್ತು. ಅತ್ತೆ ಹಿಂದೆಯೇ ಬಂದಳು.

"ಏನಾಯ್ತೇ ಕರಡು?"

"ಊರಿಗೆಲ್ಲ ಬೆರಳು ಕೊಟ್ರಂತೆ ಅತ್ತೆ. ಯಾರ್ಯಾರದೋ ಪುಸ್ತಕ, ಓದೋಕೂ ಆಗದ ಪುಸ್ತಕ, ಎಲ್ಲಾನೂ ನಿಲ್ಸಿದ್ರಂತೆ. ನಂದನ್ನ ಮಾತ್ರ ಒಂದಲ್ಲ, ಮೂರು ಸಲ ಬೀಳ್ಸಿದ್ರು. ಮನೆಗೆ ಮಾರಿ, ಪರರಿಗೆ ಉಪಕಾರಿ."

"ಇವತ್ತೊಂದಿನ ಬಾಯಿ ಮುಚ್ಕೋ ಮಹರಾಯ್ತಿ," ಎಂದಳು ಅತ್ತೆ. ಇಬ್ಬರೂ ತೂಗುವ ಅಂಗಿಯನ್ನೇ ನೋಡುತ್ತ ಕೂತರು. ಮಧ್ಯಾಹ್ನ ಹಾಗೆಯೇ ಸರಿಯಿತು.

⁂

ವಾಹನ ನಾಲ್ಕಕ್ಕೆ ಬರುವುದಿತ್ತು. ಮೂರಕ್ಕೆ ಕಟಿಂಗ್ ಅಂಗಡಿಯವನು ಬಂದ. ಬೀದಿಯ ಕೊನೆಯಲ್ಲಿ ಅವನ ಅಂಗಡಿ. ಅಪ್ಪನಿಗೆ ಇನ್ನೊಂದು ಸಲ ಮುಖಕ್ಷೌರ ಮಾಡಿ ಕಳಿಸುತ್ತೇನೆಂದು ಅವನೇ ಹೇಳಿಕಳಿಸಿದ್ದ. ಕೋಣೆಯಲ್ಲಿದ್ದವರೆಲ್ಲ ಅಂಗಳಕ್ಕೆ ಹೋದರು. ಮಗಳು ಬಿಸಿನೀರಿನ ಬಟ್ಟಲು ಹಿಡಿದು ಮಂಚದ ಪಕ್ಕ ನಿಂತಳು.

ಅವನು ಅಪ್ಪನ ಕೆನ್ನೆಯ ಮೇಲೆ ಬೆರಳಿನ ಹಿಂಬದಿ ಎಳೆದು ನೋಡಿದ.

"ಅಕ್ಕಾ, ಇವತ್ತು ಗಡ್ಡ ಇದೆ," ಎಂದ. ದನಿ ಒಡೆಯಿತು. "ಈಚೆಗೆ ಇದೇ ಮೊದಲು. ಬರೋವಾಗೆಲ್ಲ ಬೋಳು ಕೆನ್ನೆ. ಮೂರು ಕೂದಲಿಗೆ ಎಷ್ಟು ಸಲ ಬರ್ತೀರಿ ಅಂತ ತಮಾಷೆ ಮಾಡ್ತಿದ್ದೆ."

ಅದು ಮಗಳಿಗೂ ಗೊತ್ತಿತ್ತು. ಇತ್ತೀಚೆಗೆ ಅಪ್ಪನಿಗೆ ಮುಖದ ಸೊಗಸು ಹೆಚ್ಚಾಗಿದೆ ಎಂದು ಅತ್ತೆ ರೇಗಿಸುತ್ತಿದ್ದಳು. ವಾರಕ್ಕೆ ಮೂರು ಸಲ ಹೋಗುತ್ತಿದ್ದರು, ಹೋದರೆ ಗಂಟೆಗಟ್ಟಲೆ ಬರುತ್ತಿರಲಿಲ್ಲ. ಒಂದು ದಿನ ಗದ್ದದ ಮೇಲೆ ಕಾಗದದ ಚೂರು ಅಂಟಿಸಿಕೊಂಡು ಬಂದಿದ್ದರು. ಏನಾಯಿತೆಂದು ಕೇಳಿದರೆ, "ಬ್ಲೇಡು ಜಾರ್ತು," ಎಂದು ಒಳಗೆ ಹೋಗಿದ್ದರು. ಆ ಗಾಯದ ಗೆರೆ ಇನ್ನೂ ಇತ್ತು, ಅಕ್ಕಿಕಾಳಿನಷ್ಟು.

ಅವನು ಬಟ್ಟಲಲ್ಲಿ ನೊರೆ ಕಲಸಿದ. ಹಚ್ಚಿದ. ಬ್ಲೇಡು ಹಾಕಿದ. ಆಮೇಲೆ, ಯಾವುದೋ ಗುಂಗಿನಲ್ಲಿದ್ದವನ ಹಾಗೆ, ಜೇಬಿನಿಂದ ಫೋನು ತೆಗೆದು ದಿಂಬಿನ ಪಕ್ಕ ಇಟ್ಟು ಬೆರಳು ಮುಂದೆ ಮಾಡಿದವನು, ಅಲ್ಲೇ ನಿಂತುಬಿಟ್ಟ.

"ಅಯ್ಯೋ. ಅಭ್ಯಾಸ ನೋಡಿ ಅಕ್ಕಾ."

"ಯಾವ ಅಭ್ಯಾಸ?"

"ಅದೇ, ನಿಮ್ಮ ಪುಸ್ತಕ ಹಚ್ಚೋದು."

ಮಗಳು ಬಟ್ಟಲು ಕೆಳಗಿಟ್ಟಳು.

"ನಿಮಗೆ ಗೊತ್ತಿಲ್ವಾ?" ಎಂದ ಅವನು. "ಒಂದಿನ ಬಂದು ಕೂತ್ರು. 'ಅಯ್ಯಾ, ನಿನ್ನ ಫೋನು ಪುಸ್ತಕ ಓದಿ ಹೇಳುತ್ತಂತೆ, ಹೌದಾ?' ಅಂದ್ರು. ಹೌದು ಸರ್ ಅಂದೆ. ನಿಮ್ಮ ಹೆಸರು ಹೇಳಿದ್ರು. ನಾನು ಸೋಪು ಹಚ್ತಾ ಇದ್ದೆ, ಫೋನು ಓದ್ತಾ ಇತ್ತು. ಗಡ್ಡ ಮುಗೀತು, ಅವ್ರು ಏಳ್ಲಿಲ್ಲ. 'ಇನ್ನೊಂದು ಸಲ ಹಚ್ಚು,' ಅಂದ್ರು. ಸೋಪನ್ನೋ ಕತೇನೋ ಅಂತ ನಾನು ಎರಡನ್ನೂ ಹಚ್ಚಿದೆ. ಒಂದು ಸುತ್ತು ಪೂರ್ತಿ ಆಯ್ತು ಅಕ್ಕಾ. ಈಗ ಎರಡನೇ ಸುತ್ತು ನಡೀತಿತ್ತು. ಅಂಗಡಿಗೆ ಬಂದವ್ರೂ ಕಟಿಂಗ್ ಮುಗಿದ್ರೂ ಕೂತೇ ಇರೋರು, ಆ ಕೊಡೆ ರಿಪೇರಿಯವನಿಗೆ ಮುಂದೇನಾಯ್ತು ಅಂತ."

ಮಗಳು ಮಂಚದ ಅಂಚಿನ ಮೇಲೆ ಕೂತಳು. ಒಂಬತ್ತು ಸಾವಿರದಲ್ಲಿ ಒಂದು ಈ ಫೋನು. ಈ ಒಂದರೊಳಗೆ ಅಪ್ಪ, ಅಂಗಡಿಯ ಬೆಂಚು, ಅರ್ಧ ಬೀದಿ.

"ಏನನ್ನೋರು?"

"ಓದೋ ಯಂತ್ರದ ದನಿಗೆ ಬೈಯೋರು. 'ಈ ಹೆಣ್ಣುಮಗಳಿಗೆ ಎಲ್ಲಿ ಉಸಿರು ತಗೋಬೇಕು ಅಂತ ಗೊತ್ತಿಲ್ಲ, ನನ್ನ ಮಗಳು ಹೀಗೆ ಬರೆಯೋಳಲ್ಲ' ಅನ್ನೋರು. ಆಮೇಲೆ ಆ ಎರಡು ಜಡೆದು ಬರುತ್ತಲ್ಲ, ಅಪ್ಪ ಮಗಳಿಗೆ ಜಡೆ ಹಾಕಿ ಶಾಲೆಗೆ ಕಳ್ಸೋದು? ಅಲ್ಲಿ ಅವ್ರಿಗೆ ನಗು ಬಂತೋ ಅಳು ಬಂತೋ ನಂಗೆ ಗೊತ್ತಾಗ್ಲಿಲ್ಲ ಅಕ್ಕಾ. ಗದ್ದ ಅಲ್ಲಾಡ್ತು, ಬ್ಲೇಡು ತಾಗ್ತು. ಇದೇ ನೋಡಿ ಗೆರೆ. ರಕ್ತ ಬರ್ತಿದ್ರೂ ಏನಂದ್ರು ಗೊತ್ತಾ? 'ಜಡೆ ಸಮ ಇರ್ಲಿಲ್ಲ, ಒಪ್ತೀನಿ. ಆದ್ರೆ ಇಷ್ಟೇನೂ ಮೇಲೆ ಕೆಳಗೆ ಇರ್ಲಿಲ್ಲ ಕಣಯ್ಯ. ಇವಳು ಸ್ವಲ್ಪ ಜಾಸ್ತೀನೇ ಬರ್ದಿದಾಳೆ.'"

ಮಗಳು ನಕ್ಕಳು. ನಗುತ್ತ ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು. ನಿನ್ನೆಯಿಂದ ಬಾರದ ಅಳು ಈಗ ಕಟ್ಟೆ ಒಡೆದುಕೊಂಡು ಬಂತು. ಅವನು ಬ್ಲೇಡು ಕೆಳಗಿಟ್ಟು ಕಾದ.

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ? ಒಂದು ಮಾತು. ಚೆನ್ನಾಗಿದೆ ಅಂತ ಬೇಡ, ಕೇಳಿದೆ ಅಂತ."

"ನಾನೂ ಅದೇ ಕೇಳ್ದೆ. 'ಯಾವ ಮುಖ ಇಟ್ಕೊಂಡು ಹೇಳ್ಲಿ' ಅಂದ್ರು. ಇದೇ ಮುಖ ಇಟ್ಕೊಂಡು ಹೇಳಿ ಸರ್, ನಾನಿಷ್ಟು ಕಷ್ಟಪಟ್ಟು ಬೋಳ್ಸಿದೀನಿ ಅಂದೆ. ನಗ್ಲಿಲ್ಲ. ಕೈ ಹೀಗೆ ಎತ್ತಿ ಕಿರುಬೆರಳು ತೋರ್ಸಿದ್ರು. 'ಈ ಬೆರಳು ಎಷ್ಟು ಜನರ ಪುಸ್ತಕ ಹಿಡ್ಕೊಂಡಿದೆ ಗೊತ್ತೇನೋ? ಮಗಳದಕ್ಕೂ ಇಟ್ಟೆ. ಮೂರು ಸಲ ಇಟ್ಟೆ. ಕಾಗದ ಆದ್ರೆ ಬೆರಳಿಗೆ ಅಂಟ್ಕೊಳ್ಳುತ್ತೆ. ಗಾಜು ಅಂಟಲ್ಲ ಕಣೋ, ಜಾರಿಬಿಡ್ತು. ಜಾರುತ್ತೆ ಅಂತ ನಂಗೆ ಮೊದಲೇ ಗೊತ್ತಿದ್ರೆ ನಾಲ್ಕು ದಿನ ಅಭ್ಯಾಸ ಮಾಡ್ಕೊಂಡಿರ್ತಿದ್ದೆ' ಅಂದ್ರು. ನನಗೇನೂ ಅರ್ಥ ಆಗ್ಲಿಲ್ಲ ಅಕ್ಕಾ. ವಯಸ್ಸಾಗಿದೆ, ಏನೋ ಹೇಳ್ತಾರೆ ಅಂದ್ಕೊಂಡೆ."

ಮಗಳಿಗೆ ಅರ್ಥವಾಯಿತು. ಹೊದಿಕೆ ಸರಿಸಿ ಅಪ್ಪನ ಎಡಗೈ ಹೊರಗೆ ತೆಗೆದಳು. ತಣ್ಣಗಿತ್ತು. ಕಿರುಬೆರಳ ತುದಿ ಒಂಚೂರು ಬಾಗಿತ್ತು. ಅದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು, ಹುಟ್ಟಿನಿಂದಲೇ ಹಾಗೆ ಎಂದು ತಿಳಿದಿದ್ದಳು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಕೊನೆಯ ಕೂದಲು ಹೋಗುವ ತನಕ ಹಾಗೆಯೇ ಕೂತಳು.

⁂

ಮೂರೂವರೆಗೆ ಎಲ್ಲರೂ ಮತ್ತೆ ಒಳಗೆ ಬಂದರು. ಅಪ್ಪನ ಮುಖ ನುಣ್ಣಗೆ, ಈಗಷ್ಟೇ ಅಂಗಡಿಯಿಂದ ಬಂದು ಮಲಗಿದ ಹಾಗೆ ಇತ್ತು. ಅತ್ತೆ ಲೋಟಗಳ ತಟ್ಟೆ ಹಿಡಿದು ಚಹಾ ಹಂಚಿದಳು. ಇಳಿಬಿಸಿಲು ಕಿಟಕಿಯ ಬಟ್ಟೆಯನ್ನು ದಾಟಿ ಖಾಲಿ ಮೇಜಿನ ಮೇಲೆ ಬಿದ್ದಿತ್ತು. ಬಿಸಿಲಿನಲ್ಲಿ ಧೂಳಿನ ಕಣಗಳು ಏಳುತ್ತ ಬೀಳುತ್ತ ಇದ್ದವು.

ಮಗಳು ಕಟಿಂಗ್ ಅಂಗಡಿಯವನ ಕಡೆ ಕೈಚಾಚಿದಳು. "ನಿಮ್ಮ ಫೋನು ಕೊಡ್ತೀರಾ? ಎಲ್ಲಿಗೆ ನಿಲ್ಸಿದ್ರೋ ಅಲ್ಲಿಂದ ಹಚ್ಚಿ ಕೊಡಿ."

ಅವನು ಒತ್ತಿ ಕೊಟ್ಟ. ಅವಳು ಮೇಜಿನ ಹಿಂದೆ, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ಹೋಗಿ ನಿಂತಳು. ಅಧ್ಯಕ್ಷರು ಲೋಟ ತುಟಿಗಿಟ್ಟವರು ಹಾಗೆಯೇ ತಡೆದರು.

"ನಿಯಮ ಗೊತ್ತಲ್ಲಮ್ಮ," ಎಂದರು ಮೆಲ್ಲಗೆ.

"ಗೊತ್ತು ಸರ್. ಮೇಜು ಒಂಚೂರು ಅಲ್ಲಾಡುತ್ತೆ. ಹಿಡ್ಕೊಂಡಿರ್ತೀನಿ."

ಯಾರೂ ನಗಲಿಲ್ಲ. ಅವಳು ಫೋನನ್ನು ನೆಟ್ಟಗೆ ನಿಲ್ಲಿಸಿ, ಎಡಗೈ ಹಿಂದಿಟ್ಟು, ಕಿರುಬೆರಳು ಕೊಟ್ಟಳು. ಬೆರಳಿಗೆ ಗಾಜು ತಾಗಿತು, ತಣ್ಣಗೆ, ನುಣ್ಣಗೆ. ಒಂದು ಕ್ಷಣ ನಿಂತಿತು. ಜಾರಿ ಟಪ್ಪೆಂದು ಬಿತ್ತು.

ಮತ್ತೆ ನಿಲ್ಲಿಸಿದಳು. ಮತ್ತೆ ಬಿತ್ತು. ಅಂಗಳದಲ್ಲಿ ಯಾರೋ ಕೆಮ್ಮಿದರು. ಅಷ್ಟರಲ್ಲಿ ಯಂತ್ರದ ದನಿ ತನ್ನ ಪಾಡಿಗೆ ತಾನು ಶುರುವಾಗಿತ್ತು, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ತಿಳಿಯದ ಆ ಹೆಣ್ಣಿನ ದನಿ: "ಅಪ್ಪ ಬಾಚಣಿಗೆ ಬಾಯಲ್ಲಿ ಕಚ್ಚಿಕೊಂಡು ಜಡೆ ಹೆಣೆದ ಒಂದು ಜಡೆ ಕಿವಿಯ ಮೇಲೆ ಶುರುವಾಯಿತು ಇನ್ನೊಂದು ಕಿವಿಯ ಕೆಳಗೆ..."

ಮೂರನೆಯ ಸಲ ನಿಲ್ಲಿಸಿದಳು. ಬೆರಳು ಬೆವರಿತ್ತು. ಫೋನು ಒಂದು ಬದಿಗೆ ವಾಲತೊಡಗಿತು. ಈಗ ಬೀಳುತ್ತದೆ ಎಂದು ಅವಳು ಕಣ್ಣು ಮುಚ್ಚಿಕೊಂಡಳು.

ಬೀಳಲಿಲ್ಲ.

ಕಣ್ಣು ಬಿಟ್ಟಾಗ ಅಧ್ಯಕ್ಷರು ಪಕ್ಕದಲ್ಲಿ ನಿಂತಿದ್ದರು. ಬಲಗೈಯಲ್ಲಿ ಚಹಾದ ಲೋಟ ಹಾಗೆಯೇ ಇತ್ತು. ಎಡಗೈ ಮೇಜಿನ ಹಿಂದಿನ ಅಂಚಿನ ಮೇಲಿತ್ತು, ಕಿರುಬೆರಳು ಅವಳ ಬೆರಳಿನ ಪಕ್ಕದಲ್ಲಿ ಗಾಜಿಗೆ ಊರಿತ್ತು. ಎಲ್ಲಿ ಇಡಬೇಕು, ಎಷ್ಟು ಬಾಗಿಸಬೇಕು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಅವಳ ಮುಖ ನೋಡಲಿಲ್ಲ, ಫ್ಯಾನಿನ ಕಡೆ ನೋಡುತ್ತಿದ್ದರು.

ಹೊರಗೆ ವಾಹನ ಬಂದು ನಿಂತ ಸದ್ದಾಯಿತು. ಒಳಗೆ ಯಾರೂ ಕದಲಲಿಲ್ಲ. ಕತೆಯಲ್ಲಿ ಜಡೆ ಹಾಕಿಸಿಕೊಂಡ ಹುಡುಗಿ ಶಾಲೆಯ ಗೇಟಿನ ತನಕ ಹೋದಳು, ತಿರುಗಿ ನೋಡಿದಳು, ಅವಳ ಅಪ್ಪ ಇನ್ನೂ ಅಲ್ಲೇ ನಿಂತಿದ್ದ. ಅಧ್ಯಕ್ಷರ ಲೋಟದಲ್ಲಿ ಚಹಾ ಆರಿ ಕೆನೆ ಕಟ್ಟಿತು. ಅವರು ಅದನ್ನು ಕುಡಿದು ಮುಗಿಸಲಿಲ್ಲ.